ಮನಸ್ಸಿಗೆ ಒಪ್ಪುವ ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲವು ವರ್ಷ ನಾನು ಬೇರೆಯವರ ಅರ್ಜಿಗಳನ್ನು ಓದಿ, ಯಾರನ್ನು ಸಂದರ್ಶನಕ್ಕೆ ಕರೆಯಬೇಕೆಂದು ಆರಿಸುವ ಕೆಲಸ ಮಾಡಿದ್ದೇನೆ. ಅದಕ್ಕೂ ಮೊದಲು ನನಗೆ ಒಗ್ಗದ ಕೆಲಸವೊಂದರಲ್ಲಿ ಮೂರು ವರ್ಷ ಸವೆಸಿದ್ದೇನೆ. ಎರಡೂ ಕಡೆ ಕಂಡದ್ದು ಒಂದೇ ಸಂಗತಿ. ನಾವು ಆರಿಸಿಕೊಳ್ಳುವುದು ಹುದ್ದೆಯ ಹೆಸರನ್ನು, ಆದರೆ ಬದುಕುವುದು ಅದರ ದಿನಚರಿಯೊಳಗೆ. ಕೆಳಗಿನ ಉತ್ತರಗಳಲ್ಲಿ ಬಹುಪಾಲು ಈ ಅಂತರದ ಸುತ್ತಲೇ ತಿರುಗುತ್ತವೆ.

ನನಗೆ ಯಾವುದರಲ್ಲಿ ಆಸಕ್ತಿ ಇದೆ ಎಂದೇ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಗೊತ್ತಿಲ್ಲದಿರುವುದು ಸಹಜ. ಕೈಯಿಟ್ಟು ನೋಡದ ಕೆಲಸದ ಮೇಲೆ ಆಸಕ್ತಿ ಮೊದಲೇ ಎಲ್ಲಿಂದ ಬಂದೀತು? ಒಬ್ಬರೇ ಕುಳಿತು "ನನ್ನ ನಿಜವಾದ ಒಲವು ಯಾವುದು" ಎಂದು ಕೇಳಿಕೊಂಡರೆ ಹೆಚ್ಚಿನವರಿಗೆ ಹೊಳೆಯುವುದು ಸಂಗೀತ, ಆಟ, ಪ್ರವಾಸ. ಇವು ಬಿಡುವಿನ ಹೊತ್ತಿನ ಸುಖಗಳು. ದಿನಕ್ಕೆ ಎಂಟು ಗಂಟೆ ಏನು ಮಾಡಬಲ್ಲಿರಿ ಎಂಬ ಪ್ರಶ್ನೆಗೆ ಇವು ಉತ್ತರವಾಗುವುದಿಲ್ಲ.

ಅದರ ಬದಲು ಎರಡು ವಾರ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಿ. ಓದುತ್ತಿದ್ದರೂ ಸರಿ, ನೌಕರಿಯಲ್ಲಿದ್ದರೂ ಸರಿ, ಮನೆಯಲ್ಲಿದ್ದರೂ ಸರಿ. ದಿನದ ಕೊನೆಗೆ ಎರಡೇ ಸಾಲು ಬರೆಯಿರಿ: ಯಾವ ಗಂಟೆ ಕಳೆದದ್ದು ಗೊತ್ತಾಗಲಿಲ್ಲ, ಯಾವ ಗಂಟೆಯಲ್ಲಿ ಗಡಿಯಾರ ನೋಡಿದಿರಿ. ನನ್ನ ಹಳೆಯ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ: "ಬೆಳಗ್ಗೆ ಗ್ರಾಹಕರ ಜೊತೆ ಸಭೆ, ನಾಲ್ಕು ಸಲ ಗಡಿಯಾರ ನೋಡಿದೆ. ಮಧ್ಯಾಹ್ನ ಹಳೆಯ ವರದಿಯಲ್ಲಿ ಲೆಕ್ಕ ಯಾಕೆ ತಾಳೆಯಾಗುತ್ತಿಲ್ಲ ಎಂದು ಹುಡುಕಿದೆ. ತಲೆಯೆತ್ತಿದಾಗ ಎಲ್ಲರೂ ಮನೆಗೆ ಹೋಗಿದ್ದರು." ಆಗ ನನ್ನ ಹುದ್ದೆ ಮಾರಾಟ ವಿಭಾಗದಲ್ಲಿತ್ತು! ಎರಡು ವಾರದ ನಂತರ ಆ ಪುಟಗಳನ್ನು ಒಟ್ಟಿಗೆ ಓದಿದಾಗ ನನಗೆ ಯಾವ ಸಲಹೆಗಾರರೂ ಬೇಕಾಗಲಿಲ್ಲ.

ಇನ್ನೊಂದು ಸುಳಿವು: ಜನ ನಿಮ್ಮನ್ನು ಹುಡುಕಿಕೊಂಡು ಬರುವುದು ಯಾತಕ್ಕೆ? ಪತ್ರ ತಿದ್ದಿಸಿಕೊಳ್ಳಲೋ, ಕೆಟ್ಟ ಯಂತ್ರ ತೋರಿಸಲೋ, ಜಗಳ ಬಿಡಿಸಲೋ? ನಮಗೆ ಸಲೀಸಾಗಿ ಬರುವುದನ್ನು ನಾವು ವಿದ್ಯೆ ಎಂದು ಎಣಿಸುವುದೇ ಇಲ್ಲ. ಅದು ಕಾಣುವುದು ಬೇರೆಯವರ ಕಣ್ಣಿಗೆ.

ತೃಪ್ತಿ ಕೊಡುವ ಕೆಲಸ ಎಂದರೆ ಏನು? ಅದು ಬರೀ ಮನಃಸ್ಥಿತಿಯ ವಿಷಯವಲ್ಲವೇ?

ಮನಃಸ್ಥಿತಿಯದೂ ಪಾಲಿದೆ, ಆದರೆ ಕೆಲಸದ ರಚನೆಯ ಪಾಲನ್ನು ಜನ ಮರೆಯುತ್ತಾರೆ. 1970ರ ದಶಕದಲ್ಲಿ ರಿಚರ್ಡ್ ಹ್ಯಾಕ್‌ಮನ್ ಮತ್ತು ಗ್ರೆಗ್ ಓಲ್ಡ್‌ಹ್ಯಾಮ್ ಎಂಬ ಸಂಶೋಧಕರು ಕೆಲಸದ ಐದು ಗುಣಗಳನ್ನು ಗುರುತಿಸಿದರು. ಬೇರೆ ಬೇರೆ ಕೌಶಲಗಳಿಗೆ ಅವಕಾಶವಿದೆಯೇ, ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ನೀವೇ ಮಾಡಿ ಮುಗಿಸುತ್ತೀರಾ, ಅದರಿಂದ ಯಾರಿಗಾದರೂ ಉಪಯೋಗವಾಗುತ್ತದೆಯೇ, ಹೇಗೆ ಮಾಡಬೇಕೆಂದು ನಿರ್ಧರಿಸುವ ಸ್ವಾತಂತ್ರ್ಯವಿದೆಯೇ, ಮಾಡಿದ್ದು ಸರಿಯಾಯಿತೋ ಇಲ್ಲವೋ ಎಂದು ತಿಳಿಯುತ್ತದೆಯೇ. ಐದರಲ್ಲಿ ಒಂದೂ ಹುದ್ದೆಯ ಘನತೆಯ ಬಗ್ಗೆ ಇಲ್ಲ ಎಂಬುದನ್ನು ಗಮನಿಸಿ. ದೊಡ್ಡ ಹೆಸರಿನ ಹುದ್ದೆಗಳಲ್ಲೂ ಈ ಐದರಲ್ಲಿ ಒಂದೇ ಒಂದು ಇರಬಹುದು. ಬಡಗಿಯ ಕೆಲಸದಲ್ಲಿ ಐದೂ ಇರಬಹುದು.

ಇವುಗಳಲ್ಲಿ ಸ್ವಾತಂತ್ರ್ಯಕ್ಕೆ ನಾನು ಹೆಚ್ಚಿನ ತೂಕ ಕೊಡುತ್ತೇನೆ. ಬ್ರಿಟನ್ನಿನಲ್ಲಿ 1985ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರನ್ನು ಸೇರಿಸಿಕೊಂಡು ಒಂದು ದೀರ್ಘ ಅಧ್ಯಯನ ಆರಂಭವಾಯಿತು. ಮೈಕೆಲ್ ಮಾರ್ಮೊಟ್ ಅವರ ಮುಂದಾಳತ್ವದ ಆ ಅಧ್ಯಯನದಲ್ಲಿ, ತಮ್ಮ ಕೆಲಸದ ಮೇಲೆ ತಮಗೇ ಹಿಡಿತವಿಲ್ಲದವರಲ್ಲಿ ಹೃದ್ರೋಗದ ಸಾಧ್ಯತೆ ಹೆಚ್ಚು ಎಂದು ಕಂಡುಬಂತು. ಕೆಲಸದ ಹೊರೆಗಿಂತ, ಆ ಹೊರೆಯನ್ನು ಹೇಗೆ ಹೊರಬೇಕೆಂದು ಹೇಳುವ ಅಧಿಕಾರವಿಲ್ಲದಿರುವುದೇ ಮನುಷ್ಯನನ್ನು ಹೆಚ್ಚು ಹಣ್ಣು ಮಾಡುತ್ತದೆ ಎಂಬುದು ನನ್ನ ಅನುಭವವೂ ಹೌದು.

ಇಷ್ಟವಾದ ಹವ್ಯಾಸವನ್ನೇ ವೃತ್ತಿ ಮಾಡಿಕೊಳ್ಳಬಹುದೇ?

ಮಾಡಿಕೊಳ್ಳಬಹುದು, ಆದರೆ ಹವ್ಯಾಸದ ಜೊತೆ ಬಿಲ್ಲು, ಗಡುವು, ಮುನಿಸಿಕೊಂಡ ಗ್ರಾಹಕ ಎಲ್ಲವೂ ಬರುತ್ತವೆ. ಛಾಯಾಗ್ರಹಣವನ್ನು ಪ್ರೀತಿಸುವವರು ವೃತ್ತಿಗಿಳಿದ ಮೇಲೆ ಕ್ಯಾಮೆರಾ ಹಿಡಿಯುವ ಹೊತ್ತಿಗಿಂತ ಫೋನ್ ಹಿಡಿಯುವ ಹೊತ್ತೇ ಹೆಚ್ಚಾಗುತ್ತದೆ. ಆ ಫೋನಿನ ಭಾಗವೂ ನಿಮಗೆ ಸಹ್ಯವೇ ಎಂಬುದೇ ಅಸಲಿ ಪ್ರಶ್ನೆ.

ಇಲ್ಲಿ ಒಂದು ಸೂಕ್ಷ್ಮವಿದೆ. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಚಿತ್ರ ಬಿಡಿಸುವುದೆಂದರೆ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳ ಒಂದು ಗುಂಪಿಗೆ ಬಹುಮಾನ ಕೊಡುತ್ತೇವೆಂದು ಮೊದಲೇ ಹೇಳಿ ಚಿತ್ರ ಬಿಡಿಸಲು ಕೂರಿಸಿದರು. ಒಂದೆರಡು ವಾರದ ನಂತರ ಬಿಡುವಿನ ವೇಳೆಯಲ್ಲಿ ನೋಡಿದರೆ, ಆ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸುತ್ತಿದ್ದರು. ಪ್ರತಿಫಲ ಬಂದಲ್ಲೆಲ್ಲ ಪ್ರೀತಿ ಸಾಯುತ್ತದೆ ಎಂದು ಇದರ ಅರ್ಥವಲ್ಲ. ಸುಮ್ಮನೆ ಮಾಡುವ ಒಂದು ಸಂಗತಿಯನ್ನು ಸುಮ್ಮನೆಯೇ ಉಳಿಸಿಕೊಳ್ಳುವುದೂ ಬದುಕಿಗೆ ಬೇಕಾಗಬಹುದು ಎಂದಷ್ಟೇ ನಾನು ಇದರಿಂದ ತೆಗೆದುಕೊಳ್ಳುತ್ತೇನೆ.

ಆನ್‌ಲೈನ್ ವ್ಯಕ್ತಿತ್ವ ಪರೀಕ್ಷೆಗಳನ್ನು ನಂಬಬಹುದೇ?

ಮನರಂಜನೆಗೆ ತೆಗೆದುಕೊಳ್ಳಿ. ನಾಲ್ಕು ಅಕ್ಷರ ಕೊಟ್ಟು ಜನರನ್ನು ಹದಿನಾರು ಗುಂಪುಗಳಿಗೆ ಹಂಚುವ ಆ ಪ್ರಸಿದ್ಧ ಪರೀಕ್ಷೆಯನ್ನು ಕೆಲವು ವಾರ ಬಿಟ್ಟು ಮತ್ತೆ ಬರೆದರೆ ಬಹಳಷ್ಟು ಜನರಿಗೆ ಬೇರೆಯೇ ಗುಂಪು ಸಿಗುತ್ತದೆ. ತಿಂಗಳೊಪ್ಪತ್ತಿನಲ್ಲಿ ಬದಲಾಗುವ ಅಕ್ಷರಗಳ ಮೇಲೆ ನಲವತ್ತು ವರ್ಷದ ದುಡಿಮೆಯನ್ನು ನಿಲ್ಲಿಸಬೇಡಿ. ಜಾನ್ ಹಾಲೆಂಡ್ 1959ರಲ್ಲಿ ಮಂಡಿಸಿದ, ವೃತ್ತಿ ಆಸಕ್ತಿಗಳನ್ನು ಆರು ಬಗೆಯಾಗಿ ನೋಡುವ ವಿಧಾನ ಸ್ವಲ್ಪ ಗಟ್ಟಿ. ಅದನ್ನೂ ಹೊಸ ಹೆಸರುಗಳನ್ನು ಹುಡುಕುವ ಪಟ್ಟಿಯಾಗಿ ಬಳಸಿದರೆ ಸಾಕು.

ಒಂದು ಕೆಲಸ ನನಗೆ ಹೊಂದುತ್ತದೆಯೇ ಎಂದು ಸೇರುವ ಮೊದಲೇ ತಿಳಿಯುವುದು ಹೇಗೆ?

ದೂರದ ಬೆಟ್ಟ ನುಣ್ಣಗೆ. ಹತ್ತಿರ ಹೋಗುವುದೊಂದೇ ದಾರಿ, ಆದರೆ ಹತ್ತಿರ ಹೋಗಲು ಇಡೀ ಬೆಟ್ಟ ಹತ್ತಬೇಕಾಗಿಲ್ಲ.

ಮೊದಲು, ಆ ಕೆಲಸವನ್ನು ಈಗ ಮಾಡುತ್ತಿರುವ ಇಬ್ಬರು ಮೂವರನ್ನು ಹುಡುಕಿ ಇಪ್ಪತ್ತು ನಿಮಿಷ ಮಾತನಾಡಿಸಿ. "ಕೆಲಸ ಹೇಗಿದೆ" ಎಂದು ಕೇಳಬೇಡಿ. "ಪರವಾಗಿಲ್ಲ" ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. "ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಏನು ಮಾಡುತ್ತಿದ್ದಿರಿ?" ಎಂದು ಕೇಳಿ. ಕಳೆದ ವಾರದಲ್ಲಿ ಅತಿ ಬೇಸರದ ಹೊತ್ತು ಯಾವುದು, ಈ ಕೆಲಸ ಬಿಟ್ಟು ಹೋದವರು ಯಾಕೆ ಹೋದರು, ಹೊಸಬರು ಮೊದಲ ಆರು ತಿಂಗಳು ಎಡವುವುದು ಎಲ್ಲಿ ಎಂದು ಕೇಳಿ. ಒಬ್ಬ ವಾಸ್ತುಶಿಲ್ಪಿ ನನಗೆ ಹೇಳಿದ ಉತ್ತರ ಇನ್ನೂ ನೆನಪಿದೆ: "ನಿನ್ನೆ ಮೂರು ಗಂಟೆಗೆ ಬಚ್ಚಲುಮನೆಯ ಬಾಗಿಲು ಒಳಕ್ಕೆ ತೆರೆಯಬೇಕೋ ಹೊರಕ್ಕೋ ಎಂಬ ವಿಷಯದಲ್ಲಿ ಮೂರನೆಯ ಸಲ ಇಮೇಲ್ ಬರೆಯುತ್ತಿದ್ದೆ." ಆ ಉತ್ತರ ಕೇಳಿ ನಗು ಬಂದರೂ ಆ ಕೆಲಸ ಬೇಕೆನಿಸುವವರು ಆ ದಾರಿ ಹಿಡಿಯಲಿ.

ಎರಡನೆಯದು, ಕೆಲಸದ ಒಂದು ತುಣುಕನ್ನು ಮಾಡಿ ನೋಡಿ. ಶಿಕ್ಷಕರಾಗಬೇಕೆಂದಿದ್ದರೆ ಒಂದು ಪಾಠವನ್ನು ಐದು ಜನರಿಗೆ ಹೇಳಿಕೊಡಿ, ನಂತರ ಅವರ ಉತ್ತರಗಳನ್ನು ತಿದ್ದಿ. ಪಾಠ ಹೇಳುವುದು ಎಲ್ಲರಿಗೂ ಇಷ್ಟ. ತಿದ್ದುವಾಗ ತಿಳಿಯುತ್ತದೆ ನಿಜ. ಅನುವಾದಕರಾಗಬೇಕಿದ್ದರೆ ಕಥೆಯನ್ನು ಬದಿಗಿಟ್ಟು ಯಂತ್ರವೊಂದರ ಬಳಕೆಯ ಕೈಪಿಡಿಯ ಹತ್ತು ಪುಟ ಅನುವಾದಿಸಿ. ಸಾಫ್ಟ್‌ವೇರ್ ಕ್ಷೇತ್ರವಾದರೆ ಹೊಸದನ್ನು ಕಟ್ಟುವ ಬದಲು ಬೇರೆಯವರು ಬರೆದ ಕೋಡ್‌ನಲ್ಲಿ ದೋಷ ಹುಡುಕಿ. ಅಂದರೆ, ಕೆಲಸದ ಹೊಳೆಯುವ ಭಾಗವನ್ನು ಬಿಟ್ಟು ಮಾಮೂಲಿ ಭಾಗವನ್ನು ಪರೀಕ್ಷೆಗೆ ಆರಿಸಿಕೊಳ್ಳಿ. ಎರಡು ವಾರಾಂತ್ಯಗಳು ಇದಕ್ಕೆ ಸಾಕು. ಎರಡು ವಾರಾಂತ್ಯ ಉಳಿಸಲು ಹೋಗಿ ಎರಡು ವರ್ಷ ಕಳೆದುಕೊಂಡವರನ್ನು ನಾನು ಬಹಳ ನೋಡಿದ್ದೇನೆ, ಅವರಲ್ಲಿ ನಾನೂ ಒಬ್ಬ.

ಸಂಬಳ ಎಷ್ಟು ಮುಖ್ಯ?

ಸಾಕಷ್ಟು ಇಲ್ಲದವರಿಗೆ ಬಹಳ ಮುಖ್ಯ. "ಕಾಯಕವೇ ಕೈಲಾಸ" ಎಂಬ ಮಾತನ್ನು ಸಂಬಳ ಕೊಡಬೇಕಾದವರ ಬಾಯಲ್ಲಿ ಕೇಳಿದರೆ ಎಚ್ಚರವಾಗಿರಿ.

ದುಡ್ಡಿನಿಂದ ನೆಮ್ಮದಿ ಒಂದು ಹಂತದವರೆಗೆ ಮಾತ್ರ ಹೆಚ್ಚುತ್ತದೆ ಎಂದು 2010ರಲ್ಲಿ ಸಂಶೋಧಕರಾದ ಡೇನಿಯಲ್ ಕಾನೆಮನ್ ಮತ್ತು ಆಂಗಸ್ ಡೀಟನ್ ಬರೆದಿದ್ದರು. 2021ರಲ್ಲಿ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಅದು ಮೇಲಕ್ಕೂ ಹೆಚ್ಚುತ್ತಲೇ ಹೋಗುತ್ತದೆ ಎಂದು ತೋರಿಸಿದರು. 2023ರಲ್ಲಿ ಕಾನೆಮನ್ ಮತ್ತು ಕಿಲ್ಲಿಂಗ್ಸ್‌ವರ್ತ್ ಒಟ್ಟಿಗೆ ಕೂತು ಅಂಕಿಗಳನ್ನು ಮತ್ತೆ ನೋಡಿದರು: ಹೆಚ್ಚಿನವರಿಗೆ ನೆಮ್ಮದಿ ಏರುತ್ತಲೇ ಹೋಗುತ್ತದೆ, ಆದರೆ ಮೊದಲೇ ತೀರ ದುಃಖದಲ್ಲಿರುವವರಿಗೆ ಒಂದು ಹಂತದ ಮೇಲೆ ಹಣ ನೆರವಾಗುವುದಿಲ್ಲ. ಇಲ್ಲಿ ನೆನಪಿಡಬೇಕಾದದ್ದು ಏರಿಕೆಯ ರೀತಿ. ಅದು ಮೊತ್ತದ ಲೆಕ್ಕದಲ್ಲಿ ಏರುವುದಿಲ್ಲ, ಪಟ್ಟಿನ ಲೆಕ್ಕದಲ್ಲಿ ಏರುತ್ತದೆ. ಸಂಬಳ ಒಂದರಿಂದ ಎರಡು ಪಟ್ಟಾದಾಗ ಸಿಕ್ಕಷ್ಟೇ ಹಿಗ್ಗು ಮತ್ತೆ ಸಿಗಬೇಕಾದರೆ ಎರಡರಿಂದ ನಾಲ್ಕು ಪಟ್ಟಾಗಬೇಕು. ಹಾಗಾಗಿ ದುಡಿಮೆಯ ಆರಂಭದಲ್ಲಿ ಸಂಬಳಕ್ಕಾಗಿ ಕೆಲಸ ಬದಲಿಸುವುದು ಬುದ್ಧಿವಂತಿಕೆ ಆಗಿರಬಹುದು. ಕೈ ತುಂಬ ಬರುತ್ತಿರುವಾಗ ಹತ್ತು ಶೇಕಡಾ ಹೆಚ್ಚಿಗಾಗಿ ಒಳ್ಳೆಯ ಸಹೋದ್ಯೋಗಿಗಳನ್ನು ಬಿಟ್ಟುಹೋಗುವುದು ಸಾಮಾನ್ಯವಾಗಿ ನಷ್ಟದ ವ್ಯಾಪಾರ.

ನನಗೆ "ಪರಿಚಯದವರು" ಯಾರೂ ಇಲ್ಲ. ಕೆಲಸ ಸಿಗುವುದು ಹೇಗೆ?

ಪರಿಚಯ ಎಂದರೆ ದೊಡ್ಡ ಕುರ್ಚಿಯಲ್ಲಿ ಕುಳಿತ ಮಾವನೇ ಆಗಬೇಕಿಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಬಾಸ್ಟನ್ ನಗರದ ಹೊರವಲಯದಲ್ಲಿ ಹೊಸ ಕೆಲಸ ಹಿಡಿದವರ ವಿವರ ಕೊಟ್ಟಿದ್ದಾರೆ. ಪರಿಚಿತರ ಮೂಲಕ ಕೆಲಸ ಸಿಕ್ಕವರಲ್ಲಿ ಆ ಪರಿಚಿತರನ್ನು ಆಗಾಗ ಭೇಟಿಯಾಗುತ್ತಿದ್ದವರು ನೂರಕ್ಕೆ ಸುಮಾರು 17 ಮಾತ್ರ. ಉಳಿದವರಿಗೆಲ್ಲ ಸುಳಿವು ಕೊಟ್ಟದ್ದು ಯಾವಾಗಲಾದರೊಮ್ಮೆ ಅಥವಾ ಅಪರೂಪಕ್ಕೆ ಕಾಣುವವರು: ಹಳೆಯ ಸಹಪಾಠಿ, ಹಿಂದಿನ ಕಚೇರಿಯವರು, ಹೀಗೆ. ಕಾರಣ ಸರಳ. ಆಪ್ತರಿಗೆ ಗೊತ್ತಿರುವುದೆಲ್ಲ ನಿಮಗೂ ಗೊತ್ತಿರುತ್ತದೆ. ಹೊಸ ಸುದ್ದಿ ಬರುವುದು ಬೇರೆ ಬಳಗದಿಂದ. ಲಿಂಕ್ಡ್‌ಇನ್‌ನ ಎರಡು ಕೋಟಿ ಬಳಕೆದಾರರನ್ನು ಒಳಗೊಂಡ, 2022ರಲ್ಲಿ ಪ್ರಕಟವಾದ ಪ್ರಯೋಗವೂ ಹೆಚ್ಚುಕಡಿಮೆ ಇದನ್ನೇ ಹೇಳಿತು, ಒಂದು ತಿದ್ದುಪಡಿಯೊಂದಿಗೆ: ತೀರ ಅಪರಿಚಿತರಿಗಿಂತ, ಕೆಲವರಾದರೂ ಸಮಾನ ಪರಿಚಿತರಿರುವ ದೂರದವರಿಂದ ಹೆಚ್ಚು ಉಪಯೋಗ.

ಅವರಿಗೆ ಬರೆಯುವಾಗ "ನನಗೊಂದು ಕೆಲಸ ಕೊಡಿಸಿ" ಎಂದು ಬರೆಯಬೇಡಿ. ಪಾಪ, ಅವರ ಕೈಯಲ್ಲಿ ಕೆಲಸವಿರುವುದಿಲ್ಲ, ಮುಜುಗರಕ್ಕೆ ಸುಮ್ಮನಾಗುತ್ತಾರೆ. ಅವರು ಕೊಡಬಲ್ಲದ್ದನ್ನು ಕೇಳಿ. ಹೀಗೆ: "ನಮಸ್ಕಾರ ಸರ್. ಐದು ವರ್ಷದ ಹಿಂದೆ ತರಬೇತಿಯಲ್ಲಿ ನಿಮ್ಮ ತಂಡದಲ್ಲಿದ್ದೆ. ನಾನು ಈಗ ಲೆಕ್ಕಪರಿಶೋಧನೆಯಿಂದ ದತ್ತಾಂಶ ವಿಶ್ಲೇಷಣೆಯ ಕಡೆಗೆ ಹೋಗಬೇಕೆಂದಿದ್ದೇನೆ. ನೀವು ಅದೇ ದಾರಿಯಲ್ಲಿ ಹೋದವರು. ಮುಂದಿನ ವಾರ ಹದಿನೈದು ನಿಮಿಷ ಫೋನಿನಲ್ಲಿ ಮಾತನಾಡಲು ಸಾಧ್ಯವೇ? ಮೂರು ಪ್ರಶ್ನೆಗಳಿವೆ." ಇಂಥ ಪತ್ರಕ್ಕೆ ಉತ್ತರ ಬರುವುದನ್ನು ನಾನು ಕಂಡಿದ್ದೇನೆ. ಮಾತು ಮುಗಿದ ಮೇಲೆ ಅವರ ಸಲಹೆಯಂತೆ ಏನು ಮಾಡಿದಿರಿ ಎಂದು ತಿಂಗಳ ನಂತರ ಎರಡು ಸಾಲು ಬರೆಯಿರಿ. ಬಹುತೇಕ ಯಾರೂ ಬರೆಯುವುದಿಲ್ಲ, ಬರೆದವರು ನೆನಪಿನಲ್ಲಿ ಉಳಿಯುತ್ತಾರೆ.

ಅನುಭವವಿಲ್ಲದೆ ಕೆಲಸ ಕೊಡುವುದಿಲ್ಲ, ಕೆಲಸವಿಲ್ಲದೆ ಅನುಭವ ಬರುವುದಿಲ್ಲ. ಏನು ಮಾಡಲಿ?

ಮುಂದೆ ದೊಡ್ಡ ವಿಜ್ಞಾನಿಯಾದ ಮೈಕೆಲ್ ಫ್ಯಾರಡೆ ಮಾಡಿದ್ದನ್ನು ಮಾಡಿ. ಹದಿನಾಲ್ಕನೆಯ ವಯಸ್ಸಿನಿಂದ ಆತ ಲಂಡನ್ನಿನ ಒಬ್ಬ ಪುಸ್ತಕ ಬೈಂಡರ್ ಬಳಿ ಕೆಲಸ ಕಲಿಯುತ್ತಿದ್ದ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. 1812ರಲ್ಲಿ ಹೆಸರಾಂತ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿಯ ಉಪನ್ಯಾಸಗಳಿಗೆ ಹೋಗುವ ಅವಕಾಶ ಸಿಕ್ಕಿತು. ಕೇಳಿದ್ದನ್ನೆಲ್ಲ ಟಿಪ್ಪಣಿ ಮಾಡಿಕೊಂಡು, ಶುದ್ಧವಾಗಿ ಬರೆದು, ಚಿತ್ರಗಳನ್ನು ಸೇರಿಸಿ, ಸುಮಾರು ಮುನ್ನೂರು ಪುಟಗಳ ಆ ಬರಹವನ್ನು ತಾನೇ ಬೈಂಡ್ ಮಾಡಿ ಡೇವಿಗೆ ಕಳಿಸಿದ. ಡೇವಿ ಸೌಜನ್ಯದಿಂದ ಮಾತನಾಡಿಸಿ, ಸದ್ಯಕ್ಕೆ ಬೈಂಡಿಂಗ್ ಕೆಲಸವನ್ನೇ ಹಿಡಿದುಕೊಂಡಿರು ಎಂದ. ಕೆಲವೇ ತಿಂಗಳಲ್ಲಿ, ಡೇವಿ ಪ್ರಯೋಗ ನಡೆಸುತ್ತಿದ್ದ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಪ್ರಯೋಗಾಲಯದ ಸಹಾಯಕನೊಬ್ಬ ಹೊಡೆದಾಡಿ ಕೆಲಸ ಕಳೆದುಕೊಂಡ. 1813ರ ಮಾರ್ಚ್ 1ರಂದು ಆ ಜಾಗಕ್ಕೆ ಬಂದದ್ದು ಫ್ಯಾರಡೆ.

ಈ ಪ್ರಸಂಗವನ್ನು ಪ್ರತಿಭೆಯ ಕಥೆಯಾಗಿ ಹೇಳುವುದು ವಾಡಿಕೆ. ನನಗೆ ಕಾಣುವುದು ಬೇರೆ. ಆತ ಅರ್ಜಿಯೊಂದರಲ್ಲಿ "ನಾನು ಶ್ರದ್ಧಾವಂತ, ಶೀಘ್ರವಾಗಿ ಕಲಿಯಬಲ್ಲೆ" ಎಂದು ಬರೆಯಲಿಲ್ಲ. ಶ್ರದ್ಧೆ ಎಂದರೇನು ಎಂಬುದನ್ನು ಬೈಂಡ್ ಮಾಡಿ ಮೇಜಿನ ಮೇಲೆ ಇಟ್ಟ. ಕೈಯಲ್ಲಿದ್ದ ಹಳೆಯ ಕಸುಬನ್ನು ಹೊಸ ಕೆಲಸದ ಬಾಗಿಲು ತಟ್ಟಲು ಬಳಸಿದ. ಮೊದಲ ಉತ್ತರ "ಇಲ್ಲ" ಎಂದಿದ್ದರೂ ಜಾಗ ಖಾಲಿಯಾದಾಗ ನೆನಪಿಗೆ ಬರುವ ಹೆಸರಾಗಿದ್ದ.

ಇಂದಿಗೆ ಇದನ್ನು ಹೀಗೆ ಅನ್ವಯಿಸಬಹುದು: ನಿಮಗೆ ಬೇಕಾದ ಹುದ್ದೆಯಲ್ಲಿರುವವರು ಮೊದಲ ತಿಂಗಳಲ್ಲಿ ಮಾಡುವ ಒಂದು ಕೆಲಸವನ್ನು, ಯಾರೂ ಕೇಳದಿದ್ದರೂ, ಪೂರ್ತಿ ಮಾಡಿ ಮುಗಿಸಿ. ಅರ್ಧ ಮುಗಿದ ಆರು ಯೋಜನೆಗಳಿಗಿಂತ ಮುಗಿದ ಒಂದು ಮೇಲು.

ರೆಸ್ಯೂಮೆಯಲ್ಲಿ ಎಲ್ಲರೂ ಮಾಡುವ ತಪ್ಪು ಯಾವುದು?

ಮಾಡಿದ್ದನ್ನು ಬರೆಯದೆ, ವಹಿಸಿದ್ದನ್ನು ಬರೆಯುವುದು. "ದಾಸ್ತಾನು ನಿರ್ವಹಣೆಯ ಜವಾಬ್ದಾರಿ ಹೊಂದಿದ್ದೆ" ಎಂಬ ಸಾಲನ್ನು ನಾನು ನೂರಾರು ಬಾರಿ ಓದಿದ್ದೇನೆ. ಜವಾಬ್ದಾರಿ ಇತ್ತು, ಸರಿ, ನಿಭಾಯಿಸಿದಿರಾ? ಒಂದು ಅರ್ಜಿಯಲ್ಲಿ ಮಾತ್ರ ಹೀಗಿತ್ತು: "ಗೋದಾಮಿನಲ್ಲಿ ಒಂದು ವಸ್ತು ಹುಡುಕಲು ಇಪ್ಪತ್ತು ನಿಮಿಷ ಬೇಕಾಗುತ್ತಿತ್ತು. ಕಪಾಟುಗಳಿಗೆ ಸಂಖ್ಯೆ ಕೊಟ್ಟು ಪಟ್ಟಿ ಮಾಡಿದ ಮೇಲೆ ಮೂರು ನಿಮಿಷಕ್ಕೆ ಇಳಿಯಿತು." ಆಕೆಗೆ ಪದವಿಯ ಅಂಕ ಕಡಿಮೆ ಇತ್ತು. ಸಂದರ್ಶನಕ್ಕೆ ಕರೆದ ಮೊದಲ ಹೆಸರು ಅವರದೇ.

ಉಳಿದದ್ದು ಚಿಕ್ಕ ಮಾತು. ಎರಡು ಪುಟ ಮೀರಬೇಡಿ, ಸುಳ್ಳು ಬರೆಯಬೇಡಿ, ಕಂಪನಿಯ ಹೆಸರನ್ನು ತಪ್ಪಾಗಿ ಬರೆಯಬೇಡಿ. ಕೊನೆಯದನ್ನು ಹೇಳಬೇಕಾಗಿ ಬಂದಿರುವುದೇ ಬೇಸರದ ಸಂಗತಿ.

ಸಂದರ್ಶನದಲ್ಲಿ ತಡವರಿಸುತ್ತೇನೆ. ಆತ್ಮವಿಶ್ವಾಸ ಬೆಳೆಸಿಕೊಳ್ಳುವುದು ಹೇಗೆ?

ಆತ್ಮವಿಶ್ವಾಸಕ್ಕಿಂತ ಪ್ರಸಂಗಗಳನ್ನು ಸಿದ್ಧ ಮಾಡಿಕೊಳ್ಳಿ. ನೀವು ಬಿಡಿಸಿದ ಒಂದು ಸಮಸ್ಯೆ, ಮಾಡಿದ ಒಂದು ತಪ್ಪು, ಒಪ್ಪದವರೊಂದಿಗೆ ಕೆಲಸ ಮಾಡಿದ ಒಂದು ಸಂದರ್ಭ, ಹೊಸದಾಗಿ ಕಲಿತ ಒಂದು ವಿಷಯ. ನಾಲ್ಕನ್ನೂ ತಲಾ ಎರಡು ನಿಮಿಷದಲ್ಲಿ ಜೋರಾಗಿ ಹೇಳಿ ಅಭ್ಯಾಸ ಮಾಡಿ. ಮನಸ್ಸಿನಲ್ಲಿ ಹೇಳಿಕೊಂಡದ್ದು ಬಾಯಿಗೆ ಬರುವುದಿಲ್ಲ.

ತಡವರಿಸಿದ್ದಕ್ಕೆ ಆಯ್ಕೆಯಾಗದಿದ್ದರೆ ಅದನ್ನು ನಿಮ್ಮ ಯೋಗ್ಯತೆಯ ಅಳತೆ ಎಂದುಕೊಳ್ಳಬೇಡಿ. ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ 85 ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ ನೋಡಿದಾಗ, ಮನಸ್ಸಿಗೆ ಬಂದ ಪ್ರಶ್ನೆ ಕೇಳುವ ಸಂದರ್ಶನಕ್ಕಿಂತ, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಒಂದೇ ಅಳತೆಯಲ್ಲಿ ಅಂಕ ಕೊಡುವ ಸಂದರ್ಶನ ಮುಂದಿನ ಕೆಲಸದ ಗುಣಮಟ್ಟವನ್ನು ಹೆಚ್ಚು ಸರಿಯಾಗಿ ಊಹಿಸುತ್ತದೆ ಎಂದು ಕಂಡಿತು. ಹರಟೆಯಂತೆ ಸಾಗಿದ ಸಂದರ್ಶನದಲ್ಲಿ ಸೋತವರು ಕೆಲಸದಲ್ಲಿ ಗೆಲ್ಲುವುದು ಅಪರೂಪವೇನಲ್ಲ. ಸಾಧ್ಯವಿದ್ದರೆ "ಒಂದು ಮಾದರಿ ಕೆಲಸ ಕೊಡಿ, ಮಾಡಿ ತೋರಿಸುತ್ತೇನೆ" ಎಂದು ನೀವೇ ಕೇಳಿ.

ನಿಮ್ಮ ಸರದಿ ಬಂದಾಗ ಕೇಳಲೇಬೇಕಾದ ಪ್ರಶ್ನೆ: "ಈ ಜಾಗ ಯಾಕೆ ಖಾಲಿಯಾಯಿತು?" ಉತ್ತರಕ್ಕಿಂತ ಉತ್ತರಕ್ಕೆ ಮುಂಚಿನ ಮೌನವನ್ನು ಗಮನಿಸಿ. ನನಗೆ ಒಗ್ಗದ ಆ ಮೂರು ವರ್ಷದ ಕೆಲಸಕ್ಕೆ ಸೇರುವ ಮೊದಲು ನಾನು ಇದನ್ನು ಕೇಳಿದ್ದೆ. ಎದುರಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ನೋಡಿಯೂ ನೋಡದವನಂತೆ ಸಹಿ ಹಾಕಿದೆ.

ಎರಡು ಅವಕಾಶಗಳಿವೆ, ನಿರ್ಧರಿಸಲು ಆಗುತ್ತಿಲ್ಲ.

1772ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಇದೇ ಇಕ್ಕಟ್ಟಿನಲ್ಲಿದ್ದ. ಲೀಡ್ಸ್ ಪಟ್ಟಣದಲ್ಲಿ ಪಾದ್ರಿಯ ಕೆಲಸವಿತ್ತು. ಲಾರ್ಡ್ ಶೆಲ್ಬರ್ನ್ ಎಂಬ ಶ್ರೀಮಂತನ ಮನೆಯಲ್ಲಿ ಗ್ರಂಥಪಾಲಕನಾಗಿ ಬಾ ಎಂಬ ಕರೆ ಬಂದಿತ್ತು. ಗೆಳೆಯ ಬೆಂಜಮಿನ್ ಫ್ರಾಂಕ್ಲಿನ್‌ನನ್ನು ಕೇಳಿದ. ಏನು ಮಾಡಬೇಕೆಂದು ಹೇಳಲಾರೆ, ಹೇಗೆ ನಿರ್ಧರಿಸಬೇಕೆಂದು ಹೇಳುತ್ತೇನೆ ಎಂದು ಫ್ರಾಂಕ್ಲಿನ್ ಬರೆದ. ಕಾಗದದ ನಡುವೆ ಗೆರೆ ಎಳೆ, ಒಂದು ಕಡೆ ಪರ, ಇನ್ನೊಂದು ಕಡೆ ವಿರುದ್ಧ. ಮೂರು ನಾಲ್ಕು ದಿನ ಹೊಳೆದದ್ದನ್ನೆಲ್ಲ ಬರೆ. ನಂತರ ಸಮ ತೂಕದವನ್ನು ಎರಡೂ ಕಡೆಯಿಂದ ಹೊಡೆದುಹಾಕು. ಈ ಕಡೆಯ ಒಂದು ಆ ಕಡೆಯ ಎರಡಕ್ಕೆ ಸಮವಾದರೆ ಮೂರನ್ನೂ ಹೊಡೆ. ಉಳಿದದ್ದು ನೋಡು.

ಪಟ್ಟಿ ಮಾಡಿ ಎಂದು ಎಲ್ಲರೂ ಹೇಳುತ್ತಾರೆ, ಮೂರು ನಾಲ್ಕು ದಿನ ಎಂಬುದನ್ನು ಮರೆಯುತ್ತಾರೆ. ಮೊದಲ ದಿನ ಬರೆಯುವುದು ಹೆದರಿಕೆ, ಎರಡನೆಯ ದಿನ ಬೇರೆಯವರ ಅಭಿಪ್ರಾಯ, ನಮ್ಮ ಮಾತು ಬರುವಷ್ಟರಲ್ಲಿ ಮೂರನೆಯ ದಿನ ಆಗಿರುತ್ತದೆ. ಪ್ರೀಸ್ಟ್ಲಿ ಕರೆಯನ್ನು ಒಪ್ಪಿಕೊಂಡ. ಹೊಸ ಕೆಲಸ ಅವನಿಗೆ ಪ್ರಯೋಗಗಳಿಗೆ ಬಿಡುವು ಕೊಟ್ಟಿತು. 1774ರ ಆಗಸ್ಟ್‌ನಲ್ಲಿ ಅದೇ ಶ್ರೀಮಂತನ ಬಂಗಲೆಯಲ್ಲಿ ಅವನು ಇಂದು ನಾವು ಆಮ್ಲಜನಕ ಎನ್ನುವ ಅನಿಲವನ್ನು ಬೇರ್ಪಡಿಸಿದ. ಹುದ್ದೆಯ ಹೆಸರು ಗ್ರಂಥಪಾಲಕ ಎಂದೇ ಇತ್ತು.

ಈಗಿರುವ ಕೆಲಸ ಬೇಸರವಾಗಿದೆ. ಬಿಟ್ಟುಬಿಡಲೇ?

ಬೇಸರ ಯಾವುದರ ಮೇಲೆ ಎಂದು ಬಿಡಿಸಿ ನೋಡಿ: ಕೆಲಸದ ಮೇಲೋ, ಮೇಲಧಿಕಾರಿಯ ಮೇಲೋ, ಹೊರೆಯ ಮೇಲೋ, ಅನ್ಯಾಯದ ಮೇಲೋ? ಮೇಲಧಿಕಾರಿಯ ಮೇಲಿನ ಸಿಟ್ಟಿಗೆ ಕ್ಷೇತ್ರವನ್ನೇ ಬಿಟ್ಟು ಹೋದವರು ಆಮೇಲೆ ಪರಿತಪಿಸುತ್ತಾರೆ. ಮೂಗಿಗೆ ನೆಗಡಿಯೆಂದು ಮೂಗನ್ನೇ ಕೊಯ್ದುಕೊಂಡಂತೆ.

ಮೊದಲು ಇದ್ದಲ್ಲೇ ಕೆಲಸದ ಆಕಾರ ಬದಲಿಸಲು ಆಗುತ್ತದೆಯೇ ನೋಡಿ. ಏಮಿ ವ್ರೆಸ್ನೆವ್‌ಸ್ಕಿ ಮತ್ತು ಜೇನ್ ಡಟನ್ 2001ರಲ್ಲಿ ಆಸ್ಪತ್ರೆಯ ಸ್ವಚ್ಛತಾ ಸಿಬ್ಬಂದಿಯ ಬಗ್ಗೆ ಬರೆದಿದ್ದಾರೆ. ಕೆಲಸ ಒಂದೇ, ಸಂಬಳ ಒಂದೇ. ಕೆಲವರು ನೆಲ ಒರೆಸಿ ಹೋಗುತ್ತಿದ್ದರು. ಇನ್ನು ಕೆಲವರು ರೋಗಿಗಳೊಡನೆ ಮಾತನಾಡುತ್ತಾ, ದಾದಿಯರ ಕೆಲಸ ಸುಗಮವಾಗುವಂತೆ ತಮ್ಮ ಸರದಿಯನ್ನು ಹೊಂದಿಸಿಕೊಳ್ಳುತ್ತಾ, ತಾವೂ ರೋಗಿಯನ್ನು ಗುಣಪಡಿಸುವವರಲ್ಲಿ ಸೇರಿದವರೆಂದು ಕಾಣುತ್ತಿದ್ದರು. ಎರಡನೆಯ ಗುಂಪಿನವರಿಗೆ ಕೆಲಸ ಹಿಡಿಸಿತ್ತು. ಆದರೆ ಈ ಕಥೆಯನ್ನು ಕೆಟ್ಟ ಸಂಬಳಕ್ಕೆ ಸಮಜಾಯಿಷಿಯಾಗಿ ಬಳಸುವವರಿದ್ದಾರೆ, ಅದಕ್ಕೆ ಕಿವಿಗೊಡಬೇಡಿ.

ಆದರೆ ಸದಾ ಸುಸ್ತು, ಕೆಲಸದ ಬಗ್ಗೆ ಅಸಡ್ಡೆ ಅಥವಾ ಕಹಿ, ಏನು ಮಾಡಿದರೂ ಕೈಗೂಡುತ್ತಿಲ್ಲವೆಂಬ ಭಾವ ಈ ಮೂರೂ ಒಟ್ಟಿಗೆ ತಿಂಗಳುಗಟ್ಟಲೆ ಇದ್ದರೆ ಅದು ಬರೀ ಬೇಸರವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಈ ಮೂರು ಲಕ್ಷಣಗಳಿಂದಲೇ ವಿವರಿಸಿ, ಅದನ್ನು ರೋಗವೆನ್ನದೆ ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ಕರೆಯಿತು. ಒಂದು ವಾರದ ರಜೆಯಿಂದ ಇದು ಹೋಗುವುದಿಲ್ಲ, ಕೆಲಸದಲ್ಲೇ ಏನಾದರೂ ಬದಲಾಗಬೇಕು. ವೈದ್ಯರನ್ನೂ ಕಾಣಿ.

ಎಲ್ಲ ನೋಡಿದ ಮೇಲೂ ಮನಸ್ಸು ಓಲಾಡುತ್ತಿದೆಯೇ? ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಓಲಾಡುವವರಿಗಾಗಿ, ಬದಲಾಗಬೇಕೋ ಇದ್ದಂತೆಯೇ ಇರಬೇಕೋ ಎಂದು ನಾಣ್ಯ ಚಿಮ್ಮಿಸಿ ನೋಡುವ ಒಂದು ಪ್ರಯೋಗ ನಡೆಸಿದ್ದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಬಾರಿ ನಾಣ್ಯ ಚಿಮ್ಮಿತು. ದೊಡ್ಡ ನಿರ್ಧಾರಗಳಲ್ಲಿ ಬದಲಾವಣೆಯ ಕಡೆ ಹೋದವರು ಆರು ತಿಂಗಳ ನಂತರ ಹೆಚ್ಚು ಸಂತೋಷವಾಗಿದ್ದರು. ತಾವಾಗಿಯೇ ಬಂದು ನಾಣ್ಯ ಚಿಮ್ಮಿದವರ ಲೆಕ್ಕ ಇದು, ಎಲ್ಲರಿಗೂ ಅನ್ವಯಿಸದು. ಆದರೂ ನಿರ್ಧಾರದ ಹೊಸ್ತಿಲಲ್ಲಿ ವರ್ಷಗಟ್ಟಲೆ ನಿಂತವರು ಸಾಮಾನ್ಯವಾಗಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿರುತ್ತಾರೆ.

ಬಿಡುವ ಮುನ್ನ ಕೆಲವು ತಿಂಗಳ ಖರ್ಚು ಕೈಯಲ್ಲಿರಲಿ. ಹಸಿವಿನಲ್ಲಿ ಒಪ್ಪಿಕೊಂಡ ಎರಡನೆಯ ಕೆಲಸ ಮೊದಲನೆಯದಕ್ಕಿಂತ ಕೆಟ್ಟದ್ದಾಗಿರುತ್ತದೆ.

ನಲವತ್ತು ದಾಟಿದೆ. ಈಗ ದಾರಿ ಬದಲಿಸುವುದು ಹುಚ್ಚಲ್ಲವೇ?

ನಾವು ಇನ್ನು ಬದಲಾಗುವುದಿಲ್ಲ ಎಂದು ಪ್ರತಿ ವಯಸ್ಸಿನಲ್ಲೂ ಅಂದುಕೊಳ್ಳುತ್ತೇವೆ. 2013ರಲ್ಲಿ ಪ್ರಕಟವಾದ, 18ರಿಂದ 68 ವರ್ಷದ ಹತ್ತೊಂಬತ್ತು ಸಾವಿರಕ್ಕೂ ಹೆಚ್ಚು ಜನರ ಅಧ್ಯಯನದಲ್ಲಿ, ಕಳೆದ ಹತ್ತು ವರ್ಷದಲ್ಲಿ ಬಹಳ ಬದಲಾದೆ ಎಂದವರೇ ಮುಂದಿನ ಹತ್ತು ವರ್ಷದಲ್ಲಿ ಅಷ್ಟು ಬದಲಾಗುವುದಿಲ್ಲ ಎಂದರು. ಎಲ್ಲ ವಯಸ್ಸಿನವರದೂ ಇದೇ ಉತ್ತರ.

ಹಳೆಯದನ್ನು ಬಿಸಾಡಿ ಸೊನ್ನೆಯಿಂದ ಶುರು ಮಾಡುವುದು ಮಾತ್ರ ಕಷ್ಟ, ಅದರ ಅಗತ್ಯವೂ ಇರುವುದಿಲ್ಲ. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ಪಟ್ಟಣದ ಆಂಟೊನಿ ವಾನ್ ಲೇವೆನ್‌ಹುಕ್ ಬಟ್ಟೆ ವ್ಯಾಪಾರಿ. ನೂಲಿನ ಗುಣ ನೋಡಲು ಮಸೂರ ಹಿಡಿಯುವುದು ಆ ವ್ಯಾಪಾರದ ಭಾಗ. ಅವನು 1673ರಲ್ಲಿ, ನಲವತ್ತರ ಗಡಿಯಲ್ಲಿ, ತಾನೇ ಮಾಡಿದ ಮಸೂರಗಳಲ್ಲಿ ಕಂಡ ಸೂಕ್ಷ್ಮ ಸಂಗತಿಗಳನ್ನು ಲಂಡನ್ನಿನ ವಿಜ್ಞಾನ ಸಂಸ್ಥೆ ರಾಯಲ್ ಸೊಸೈಟಿಗೆ ಬರೆಯಲಾರಂಭಿಸಿದ, ಸಾಯುವವರೆಗೂ ಬರೆದ. ನಿಮ್ಮ ಹಳೆಯ ಕಸುಬಿನಲ್ಲಿರುವ ಮಸೂರ ಯಾವುದು? ದಾದಿಯಾಗಿದ್ದವರು ಆಸ್ಪತ್ರೆ ಸಾಫ್ಟ್‌ವೇರ್ ತಂಡಕ್ಕೆ ಸೇರಿದರೆ ಅಲ್ಲಿನ ಯಾರಿಗೂ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತದೆ: ರಾತ್ರಿ ಪಾಳಿಯಲ್ಲಿ ಒಂದು ಕೈಯಲ್ಲಿ ಡ್ರಿಪ್ ಹಿಡಿದಾಗ ಯಾವ ಗುಂಡಿ ಒತ್ತಲು ಆಗುವುದಿಲ್ಲ ಎಂಬುದು.

ಮೇಲೇರಬೇಕಾದರೆ ಮ್ಯಾನೇಜರ್ ಆಗಲೇಬೇಕೇ?

ಬಹಳ ಕಡೆ ಹಾಗೆ ನಂಬಿಸುತ್ತಾರೆ. ಜನರನ್ನು ನಡೆಸುವುದು ಬಡ್ತಿಯಾಗಿ ಕಂಡರೂ ಅದು ಬೇರೆಯದೇ ವೃತ್ತಿ. ಅಮೆರಿಕದ ಮಾರಾಟ ಪ್ರತಿನಿಧಿಗಳ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅತಿ ಹೆಚ್ಚು ಮಾರಿದವರಿಗೇ ಬಡ್ತಿ ಹೆಚ್ಚು ಸಿಗುತ್ತಿತ್ತು, ಆದರೆ ಅವರ ಕೈಕೆಳಗಿನ ತಂಡಗಳು ಹಿಂದೆ ಬೀಳುತ್ತಿದ್ದವು. ಒಪ್ಪುವ ಮೊದಲು ಒಬ್ಬ ಹೊಸಬರಿಗೆ ಆರು ತಿಂಗಳು ಕೆಲಸ ಕಲಿಸಿ ನೋಡಿ. ಅವರ ಗೆಲುವು ನಿಮ್ಮ ಗೆಲುವಿನಷ್ಟೇ ಸಿಹಿ ಎನಿಸಿದರೆ ಸರಿ.

ಕೃತಕ ಬುದ್ಧಿಮತ್ತೆ ನನ್ನ ಕೆಲಸವನ್ನು ನುಂಗುತ್ತದೆಯೇ?

ಯಂತ್ರ ಮೊದಲು ನುಂಗುವುದು ಕೆಲಸದೊಳಗಿನ ತುಣುಕುಗಳನ್ನು. ಅಮೆರಿಕದಲ್ಲಿ ಎಟಿಎಂ ಬಂದ ಮೇಲೂ ದಶಕಗಳ ಕಾಲ ಬ್ಯಾಂಕ್ ಕೌಂಟರಿನ ಸಿಬ್ಬಂದಿಯ ಸಂಖ್ಯೆ ಕುಸಿಯಲಿಲ್ಲ. ಶಾಖೆಯೊಂದನ್ನು ನಡೆಸುವ ಖರ್ಚು ಇಳಿದು, ಬ್ಯಾಂಕುಗಳು ಹೆಚ್ಚು ಶಾಖೆ ತೆರೆದವು. ನೋಟು ಎಣಿಸುತ್ತಿದ್ದವರು ಗ್ರಾಹಕರೊಡನೆ ಮಾತನಾಡುವವರಾದರು. ಈ ಸಲವೂ ಹಾಗೆಯೇ ಆಗುತ್ತದೆ ಎಂದು ಮಾತ್ರ ಭರವಸೆ ಕೊಡಲಾರೆ. ನಿಮ್ಮ ವಾರದ ಕೆಲಸಗಳನ್ನು ಪಟ್ಟಿ ಮಾಡಿ, ಯಂತ್ರಕ್ಕೆ ಒಪ್ಪಿಸಬಹುದಾದವನ್ನು ನೀವೇ ಮೊದಲು ಒಪ್ಪಿಸಿ ನೋಡಿ. ಅದು ಎಲ್ಲಿ ತಪ್ಪುತ್ತದೆ ಎಂದು ಬಲ್ಲವರಿಗೆ ಬೆಲೆ ಇರುತ್ತದೆ.

ಕೊನೆಗೂ ಬಿಡಲು ತೀರ್ಮಾನಿಸಿದ್ದೇನೆ. ರಾಜೀನಾಮೆ ಪತ್ರದಲ್ಲಿ ಏನು ಬರೆಯಲಿ?

ಬಿಡುವ ತಾರೀಖು, ಒಂದು ಧನ್ಯವಾದ, ಕೆಲಸ ಹಸ್ತಾಂತರಿಸುವ ಬಗ್ಗೆ ಒಂದು ಸಾಲು. ಕಾರಣ ಬರೆಯಬೇಕಾಗಿಲ್ಲ. ನಾನು ಮೊದಲ ಸಲ ಒಂದೂವರೆ ಪುಟ ಬರೆದಿದ್ದೆ. ಮೂರು ವರ್ಷದ ಅಸಮಾಧಾನವೆಲ್ಲ ಅದರಲ್ಲಿತ್ತು, ಉಪಮೆಗಳೂ ಇದ್ದವು. ಒಬ್ಬ ಹಿರಿಯ ಸಹೋದ್ಯೋಗಿ ಓದಿ, "ಚೆನ್ನಾಗಿದೆ, ಮನೆಯಲ್ಲಿ ಇಟ್ಟುಕೊಳ್ಳಿ" ಎಂದರು. ಅದು ಇನ್ನೂ ಮನೆಯಲ್ಲೇ ಇದೆ. ಕಚೇರಿಗೆ ಕೊಟ್ಟದ್ದು ನಾಲ್ಕು ಸಾಲು.